ದಿನಕ್ಕೊಂದು ಬಿಲ್ಲೆ

ಹಲೋ… ಹಲೋ, ಯಾರು ಮಾತಾಡ್ತಿರೋದು?… ತಾಕ್ ಅಮ್ಮನವರಾ?… ಹಾಂ, ನಾನಮ್ಮ, ನಗರಸಭೆಯಿಂದ. ಮೇಂಗ್ ಗ್ಯುಹೊ… ಅದೇ, ಹೊಗೆಲೆಕ್ಕದವನು. ಆ ಹೆಸರಿಟ್ಟೋರು ನೀವೇ ಅಲ್ವಾ.

…

ಯೊನ್‌ಹಾ ನಗರಸಭೆಯ ನಾಲ್ಕನೆಯ ಮಹಡಿಯಲ್ಲಿ ಹವಾಮಾನ ವಿಭಾಗ. ಅದರ ಮುಖ್ಯಸ್ಥ ಮೇಂಗ್ ಗ್ಯುಹೊ ಈ ಕರೆಗೆ ಮೊದಲು ಎರಡು ಕೆಲಸ ಮಾಡಿದ್ದ. ಮೇಜಿನ ಫೋನು ನಡುವೆ ಗಣಗಣಿಸಬಾರದೆಂದು ಅದರ ರಿಸೀವರನ್ನು ತೆಗೆದು ಪಕ್ಕಕ್ಕೆ ಮಲಗಿಸಿದ್ದ. ತನ್ನ ಮೊಬೈಲಿನಲ್ಲಿ ಮಾತು ದಾಖಲಾಗುವ ಗುಂಡಿಯನ್ನು ಒತ್ತಿದ್ದ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಉರಿಯುತ್ತಿತ್ತು.

ತಾಕ್ ಒಕ್ಬುನ್ ಸುತ್ಗೋಲ್ ಎಂಬ ಗುಡ್ಡದ ಓಣಿಯ ಮುಖ್ಯಸ್ಥೆ. ಎಪ್ಪತ್ತು ದಾಟಿದ ಹೆಂಗಸು. ನಗರಸಭೆಯ ಮಾತನ್ನು ಓಣಿಗೂ ಓಣಿಯ ಮಾತನ್ನು ನಗರಸಭೆಗೂ ಮುಟ್ಟಿಸುವುದು ಆಕೆಯ ಕೆಲಸ. ಮೊದಲನೆಯದು ಯಾವಾಗಲೂ ಮುಟ್ಟುತ್ತಿತ್ತು.

…

ಕೈ ತುಂಬ ಖಾರವಾ?… ಓ, ಇವತ್ತು ಕಿಮ್ಚಿ ಹಾಕ್ತಿದೀರಾ. ಅಷ್ಟೊಂದು ಕೋಸು ಯಾರು ತಿಂತಾರಮ್ಮ, ಒಬ್ರೇ ಇರೋರು… ಹಾಂ, ಓಣಿಗೆಲ್ಲ. ಮೂಲಂಗಿ ನೀರಿನ ಕಿಮ್ಚೀನೂ ಇದೆಯಾ?… ಅದಾಗಲೇ ಹುಳಿ ಬಂತಾ? ನಂಗೊಂದು ಡಬ್ಬಿ ಎತ್ತಿಡಿ… ಇಲ್ಲಮ್ಮ, ತಮಾಷೆಗಂದೆ. ನಾವು ತಗೊಳ್ಳೋ ಹಾಗಿಲ್ಲ.

…

ಹೊಗೆಲೆಕ್ಕ ಎಂಬುದು ಕೀಟಲೆಯ ಹೆಸರಾದರೂ ತಪ್ಪು ಹೆಸರಲ್ಲ. ನಗರದ ಮೇರೆಯೊಳಗೆ ಒಂದು ವರ್ಷದಲ್ಲಿ ಏನೇನು ಉರಿಯಿತು, ಎಷ್ಟು ವಾಹನ ಓಡಿತು, ಎಷ್ಟು ವಿದ್ಯುತ್ತು ಖರ್ಚಾಯಿತು, ಎಷ್ಟು ಕಸ ಕೊಳೆಯಿತು ಎಂಬುದನ್ನೆಲ್ಲ ಕೂಡಿಸಿ, ಅದರಿಂದ ಆಕಾಶಕ್ಕೆ ಹೋದ ಹಸಿರುಮನೆ ಅನಿಲದ ತೂಕವನ್ನು ಒಂದೇ ಸಂಖ್ಯೆಯಾಗಿ ಬರೆಯುವುದು ಗ್ಯುಹೊನ ಉದ್ಯೋಗ. ಒಂದು ವರ್ಷದ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಹಿಂದಿನ ವರ್ಷಗಳ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ ಅದು ರೇಖೆಯಾಗುತ್ತದೆ. ಲೆಕ್ಕ ಆರಂಭವಾದ ಆಧಾರ ವರ್ಷದಿಂದ ಈಚೆಗೆ ಆ ರೇಖೆ ಇಳಿಯುತ್ತಿರಬೇಕು; ಮೇಯರ್ ಅದನ್ನು ಬಾವುಟದಂತೆ ಹಿಡಿದು ತಿರುಗುತ್ತಿದ್ದರು. ಈ ವರ್ಷ ಅದು ಇಳಿದದ್ದು ಕೂದಲೆಳೆಯಷ್ಟು. ಬೀದಿದೀಪಗಳನ್ನು ಬದಲಿಸಿ ಉಳಿಸಿದ್ದನ್ನು ಹೊಸ ಅಪಾರ್ಟ್‌ಮೆಂಟುಗಳು ನುಂಗಿದ್ದವು. ಬಸ್ಸುಗಳಿಂದ ಉಳಿದದ್ದನ್ನು ಹೊಸ ಕಾರುಗಳು ನುಂಗಿದ್ದವು. ಎಲ್ಲವನ್ನೂ ಕೂಡಿ ಕಳೆದ ಮೇಲೆ ಉಳಿದ ಆ ಕೂದಲೆಳೆ ಸುತ್ಗೋಲಿನ ಕಲ್ಲಿದ್ದಲಿನದು.

…

ಅರ್ಜಿ ಬಂದಿದೆ. ಓದಿದೀನಿ… ಹಾಂ, ಎಲ್ರ ಹೆಬ್ಬೆಟ್ಟೂ ನೋಡಿದೆ. ಶನಿವಾರದ ಲಾರೀಲಿ ಮೊದಲಿನಷ್ಟೇ ಬಿಲ್ಲೆ ಕಳಿಸಿ ಅಂತ ತಾನೇ?… ಅದಕ್ಕೇ ಫೋನ್ ಮಾಡಿದ್ದು ಅಂದ್ಕೊಳ್ಳಿ.

…

ಸುತ್ಗೋಲಿಗೆ ಗ್ಯಾಸಿನ ಕೊಳವೆ ಬಂದಿರಲಿಲ್ಲ. ಕಲ್ಲಿದ್ದಲ ಪುಡಿಯನ್ನು ಒತ್ತಿ ಮಾಡಿದ, ತಾವರೆದಂಟಿನಂತೆ ತೂತುಗಳಿರುವ ದಪ್ಪ ಬಿಲ್ಲೆಗಳನ್ನು ಒಲೆಗಿಟ್ಟು, ಅದರ ಕಾವಿನಿಂದ ಮಲಗುವ ನೆಲವನ್ನು ಬೆಚ್ಚಗೆ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಉರಿದು ಮುಗಿದ ಬಿಲ್ಲೆ ಮುರಿಯುವುದಿಲ್ಲ. ಬಿಳಿಚಿದ ಬೂದಿಬಿಲ್ಲೆಯಾಗಿ ಬಾಗಿಲ ಹೊರಗೆ ಕೂರುತ್ತದೆ. ಬಿಲ್ಲೆಗಳನ್ನು ಕೊಡುತ್ತಿದ್ದುದು ನಗರಸಭೆ. ಚಳಿ ಬೀಳುವ ಹೊತ್ತಿಗೆ ಲಾರಿ ಗುಡ್ಡದ ಬುಡಕ್ಕೆ ಬರುತ್ತಿತ್ತು. ಸ್ವಯಂಸೇವಕರು ಮೆಟ್ಟಿಲುಗಳುದ್ದಕ್ಕೂ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಮೂಗಿಗೆ ಮಸಿ ಬಳಿದುಕೊಂಡು ಫೋಟೋ ತೆಗೆಸಿಕೊಂಡು ಇಳಿದುಹೋಗುತ್ತಿದ್ದರು.

ಮನೆಗೆ ಎಷ್ಟು ಬಿಲ್ಲೆ ಎಂಬುದನ್ನು ನಿರ್ಧರಿಸುತ್ತಿದ್ದುದು ಗ್ಯುಹೊನ ಕೋಷ್ಟಕ. ಕ್ರಮ ಸರಳವಾಗಿತ್ತು. ಹೋದ ಚಳಿಗಾಲದಲ್ಲಿ ಒಂದು ಮನೆ ಎಷ್ಟು ಉರಿಸಿತೋ ಅದು ಅದರ ಅಗತ್ಯ. ಅಗತ್ಯದಲ್ಲಿ ಹತ್ತರಲ್ಲೊಂದು ಪಾಲು ಉಳಿತಾಯದ ಗುರಿ. ಕೊಟ್ಟಷ್ಟನ್ನು ಅವರು ಉರಿಸಿದರು. ಉರಿಸಿದಷ್ಟೇ ಅವರಿಗೆ ಬೇಕೆಂದು ಇವನು ಬರೆದ. ಬೇಕೆಂದು ಬರೆದುದರಲ್ಲಿ ಹತ್ತರಲ್ಲೊಂದನ್ನು ಕಳೆದು ಮರುವರ್ಷ ಕೊಟ್ಟರು. ಹೀಗೆ ಏಳು ಸಲ ಕಳೆದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಇದನ್ನು ತಿಳಿಯುವುದಕ್ಕೆ ದೊಡ್ಡ ಗಣಿತ ಬೇಡ. ಗ್ಯುಹೊನಿಗೆ ತಿಳಿದಿತ್ತು.

…

ಕಡಿತ ಅನ್ನಬೇಡೀಮ್ಮ. ಯಾರೂ ಏನೂ ಕಿತ್ಕೊಂಡಿಲ್ಲ. ನೀವು ಉರಿಸಿದ್ದನ್ನೇ ಅಳೆದು, ಅದರ ಪ್ರಕಾರ ಕೊಟ್ಟಿದೀವಿ, ಅಲ್ವಾ?… ಹಾಂ… ಹಾಂ… ಅದೆಲ್ಲ ಅರ್ಜೀಲಿ ಬರೆದಿದೀರಲ್ಲ, ಓದಿದೆ ಅಂದ್ನಲ್ಲ. ಈಗ ನಾನು ಹೇಳೋದು ಸ್ವಲ್ಪ ಕೇಳಿ. ಕೈ ಒರೆಸ್ಕೊಳ್ಳಿ. ಕೂತ್ಕೊಳ್ಳಿ.

…

ಅವನು ವಿಷಯವನ್ನು ಮಗುವಿಗೆ ಮಗ್ಗಿ ಹೇಳಿಕೊಡುವಂತೆ ಬಿಡಿಸಿ ಹೇಳಿದ. ಲಾರಿ ಬರುವ ಶನಿವಾರಕ್ಕೆ ಮೊದಲೇ, ಸೋಮವಾರ, ರಾಜಧಾನಿಯಿಂದ ಒಬ್ಬ ಪರಿಶೀಲಕ ಬರುತ್ತಾನೆ. ನಗರದ ಇಷ್ಟು ವರ್ಷಗಳ ಲೆಕ್ಕವನ್ನು ತಾಳೆ ನೋಡುವುದು ಅವನ ಕೆಲಸ. ಅವನದು ಒಂದೇ ಪ್ರಶ್ನೆ. ಸುತ್ಗೋಲಿನಲ್ಲಿ ಮನೆಗಳು ಹಾಗೇ ಇವೆ, ಒಲೆಗಳು ಹಾಗೇ ಇವೆ, ಚಳಿ ಹಾಗೇ ಇದೆ. ಕಲ್ಲಿದ್ದಲು ಮಾತ್ರ ಅರ್ಧವಾದದ್ದು ಹೇಗೆ? ಕಾರಣ ತೋರಿಸಲಾಗದ ಇಳಿತವನ್ನು ಅವನು ಇಳಿತವೆಂದು ಒಪ್ಪುವುದಿಲ್ಲ. ಒಪ್ಪದಿದ್ದರೆ ಆಧಾರ ವರ್ಷದ ಅಂಕಿಯೇ ಸುಳ್ಳೆಂದು ತೀರ್ಮಾನಿಸಿ ಅದನ್ನು ತಿದ್ದುತ್ತಾನೆ. ಆಗ ಇಡೀ ನಗರದ ರೇಖೆ ಇಳಿಯುವ ಬದಲು ಏರುತ್ತದೆ. ಓಣಿಯವರ ಬಾಯಿಂದಲೇ ಬಂದ ಒಂದು ಕಾರಣ ಅವನಿಗೆ ಬೇಕು.

…

ಏನಂದ್ರಿ?… ನೀವು ಕಡಿಮೆ ಕೊಟ್ರಿ, ನಾವು ಕಡಿಮೆ ಉರಿಸಿದ್ವಿ… ಹಾಂ, ಕೇಳಿಸ್ತು, ಇನ್ನೊಂದ್ಸಲ ಹೇಳೋದು ಬೇಡ. ಅಮ್ಮಾ, ಹಾಗಂದ್ರೆ ಏನರ್ಥ ಗೊತ್ತಾ? ಏಳು ವರ್ಷ ನಾನು ಅಳೆದದ್ದು ಹೊಗೆಯಲ್ಲ, ನಿಮ್ಮ ಚಳಿ ಅಂತಾಗತ್ತೆ. ಚಳಿ ಅಳೆಯೋಕೆ ನಂಗೆ ಸಂಬಳ ಕೊಡಲ್ಲ.

…

ನಗ್ತಿದೀನಿ ಅಂತಲ್ಲ. ನೀವೇ ಯೋಚನೆ ಮಾಡಿ. ಮೂರು ವರ್ಷದ ಹಿಂದೆ ಕಿಟಕಿಗೆಲ್ಲ ಗುಳ್ಳೆಹಾಳೆ ಹಂಚಿದ್ವಿ ಅಲ್ವಾ?… ಅದೇ, ಪಟಪಟ ಒಡೆಯತ್ತಲ್ಲ, ಆ ಪ್ಲಾಸ್ಟಿಕ್ ಹಾಳೆ, ನಗರಸಭೆ ಕೊಕ್ಕರೆ ಮುದ್ರೆ ಇರೋದು. ಅದು ಹಾಕಿದ್ಮೇಲೆ ಬೆಚ್ಚಗಾಯ್ತು ತಾನೇ?… ಸ್ವಲ್ಪ. ಸ್ವಲ್ಪ ಆದ್ರೂ ಆಯ್ತಲ್ಲ. ಆ ಸ್ವಲ್ಪಾನೇ ಕಾರಣ.

…

ಇದಕ್ಕೆ ಆಕೆ ಬಹಳ ಹೊತ್ತು ಉತ್ತರ ಕೊಟ್ಟಳು. ಗ್ಯುಹೊ ಮೊಬೈಲನ್ನು ಕಿವಿಯಿಂದ ತುಸು ದೂರ ಹಿಡಿದು, ಗೋಡೆಗೆ ಅಂಟಿಸಿದ್ದ ಪೋಸ್ಟರಿನ ಕರಡನ್ನು ನೋಡುತ್ತ ಕೂತ. ಇಳಿದ ರೇಖೆಗಾಗಿ ನಗರಕ್ಕೆ ಸಿಗಲಿದ್ದ ಪ್ರಶಸ್ತಿಯ ಸಮಾರಂಭದ ದಿನ ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ಅದನ್ನು ಹಚ್ಚುವುದಿತ್ತು. ಓಣಿಯ ತುದಿಮನೆಯ ಯೊಮ್ ಚಾಂಗ್‌ದೊಕ್ ಎಂಬ ಮುದುಕ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಚಿತ್ರ. ಕಲ್ಲು ಒಡೆದು ಬದುಕಿದವನು. ದೊಡ್ಡ ಕೈಗಳನ್ನು ಮೊಣಕಾಲಿನ ಮೇಲೆ ಎಲ್ಲಿಡಬೇಕೋ ತಿಳಿಯದೆ ಇಟ್ಟಂತೆ ಇಟ್ಟಿದ್ದಾನೆ. ಹಿಂದೆ ಸ್ಟೂಲಿನ ಮೇಲೆ ನಿಂತ ಗ್ಯುಹೊ, ಬಾಗಿಲ ಮೇಲಿನ ಗಾಳಿಕಿಂಡಿಗೆ ಗುಳ್ಳೆಹಾಳೆ ಅಂಟಿಸುತ್ತಿದ್ದಾನೆ. ಕಾವು ಅಲ್ಲಿಂದಲೇ ಸೋರುತ್ತದೆಂದು ಅವನೇ ಕಂಡುಹಿಡಿದಿದ್ದ. ಸ್ಟೂಲನ್ನು ಹಿಡಿದುಕೊಂಡವಳು ತಾಕ್ ಒಕ್ಬುನ್. ಕೆಳಗೆ ದಪ್ಪ ಅಕ್ಷರದಲ್ಲಿ: ದಿನಕ್ಕೊಂದು ಬಿಲ್ಲೆ, ಬೆಚ್ಚನೆಯ ಬಾಳು.

ಬೇರೆ ಮನೆಗಳವರು ಎಷ್ಟು ಹಿಡಿದರೂ ದಿನಕ್ಕೆ ಒಂದೂವರೆಗಿಂತ ಕೆಳಗೆ ಇಳಿದಿರಲಿಲ್ಲ. ಯೊಮ್ ಮಾತ್ರ ಒಲೆಯ ಬುಡದ ಗಾಳಿತೂತನ್ನು ಬಹುತೇಕ ಮುಚ್ಚಿ, ಒಂದೇ ಬಿಲ್ಲೆಯನ್ನು ಹಗಲೂ ಇರುಳೂ ಕನಲಿಸುವ ಉಪಾಯ ಕಂಡುಕೊಂಡಿದ್ದ. ಗ್ಯುಹೊ ಅದನ್ನು ಓಣಿಗೆಲ್ಲ ಮಾದರಿಯೆಂದು ಹೇಳಿಸಿದ್ದ.

…

ಮುಗೀತಾ?… ಸರಿ. ಯಾರ್ಯಾರು ಹಗಲೆಲ್ಲ ಮುದುಕರ ಕೂಟದ ಮನೇಲಿ ಒತ್ಕೊಂಡು ಕೂರ್ತಾರೆ, ಯಾರು ಕೋಟು ಹಾಕ್ಕೊಂಡೇ ಮಲಗ್ತಾರೆ, ಅದೆಲ್ಲ ನನ್ನ ಕೋಷ್ಟಕದಲ್ಲಿ ಬರೆಯೋಕೆ ಜಾಗ ಇಲ್ಲಮ್ಮ. ಅಲ್ಲಿರೋದು ಬಿಲ್ಲೆ, ತೂಕ, ಅನಿಲ. ಮೂರೇ ಕಾಲಂ.

…

ಇಲ್ಲ, ಗದರಿಸ್ತಿಲ್ಲ. ಆದ್ರೆ ಒಂದು ವಿಷಯ ನಿಮಗೆ ಗೊತ್ತಿರ್ಲಿ. ಪರಿಶೀಲಕ ಒಪ್ಲಿಲ್ಲ ಅಂದ್ರೆ ಕಲ್ಲಿದ್ದಲ ಲೆಕ್ಕ ಇತ್ಯರ್ಥ ಆಗೋವರೆಗೆ ವಿತರಣೆ ತಡೆಹಿಡೀಬೇಕು. ನಿಯಮ… ಶನಿವಾರದ ಲಾರೀನೂ ಸೇರಿ… ನಾನು ನಿಲ್ಲಿಸ್ತಿಲ್ಲ, ತಾಕ್ ಅವರೇ, ನಿಯಮ ನಿಲ್ಲಿಸತ್ತೆ. ಅಳತೇಲಿ ಇಲ್ಲದ ಬಿಲ್ಲೇನ ಗುಡ್ಡ ಹತ್ತಿಸೋಕಾಗತ್ತಾ?

…

‘ಅಮ್ಮ’ ಎಂಬುದು ‘ತಾಕ್ ಅವರೇ’ ಆಯಿತು. ಆ ವ್ಯತ್ಯಾಸ ಆಕೆಗೆ ತಿಳಿಯದೆ ಹೋಗಲಿಲ್ಲ. ಗ್ಯುಹೊ ಕಾದ. ಕಾಯುವುದನ್ನು ಅವನು ಲೆಕ್ಕದಿಂದ ಕಲಿತಿದ್ದ. ಒಂದು ಕಡೆ ಸೇರಿಸದೆ ಇನ್ನೊಂದು ಕಡೆ ಸಮವಾಗುವುದಿಲ್ಲವೆಂದು ಎದುರಿನವರಿಗೆ ತಾನಾಗಿ ಹೊಳೆಯುವವರೆಗೆ ಸುಮ್ಮನಿದ್ದರೆ ಸಾಕು.

…

ಹಾಂ. ಹೇಳ್ತೀರಾ?… ಬಹಳ ಒಳ್ಳೇದಮ್ಮ. ಕಷ್ಟ ಏನಿಲ್ಲ, ನಾನು ಹೇಳಿದ ಹಾಗೆ ಹೇಳಿ. ಸುತ್ಗೋಲ್ ಓಣಿ ಮುಖ್ಯಸ್ಥೆ ತಾಕ್ ಒಕ್ಬುನ್… ಹಾಂ. ನಗರಸಭೆ ಕೊಟ್ಟ ಗುಳ್ಳೆಹಾಳೆ ಹಾಕಿದ ಮೇಲೆ… ಹಾಂ. ನಮ್ಮ ಮನೆಗಳು ಬೆಚ್ಚಗಿವೆ… ‘ಬೆಚ್ಚಗಿವೆ’, ಸ್ವಲ್ಪ ಗಟ್ಟಿಯಾಗಿ. ಅರ್ಧದಷ್ಟು ಬಿಲ್ಲೆಯಲ್ಲೇ… ಸಾಕಾಗುತ್ತದೆ.

…

ದನಿ ನಡುಗ್ತು. ಇನ್ನೊಂದ್ಸಲ, ಕೊನೇದು ಮಾತ್ರ… ಹಾಂ, ಸಾಕಾಗುತ್ತದೆ. ಅಷ್ಟೇ. ದೇವರಾಣೆ ಎಲ್ಲ ಬೇಡಮ್ಮ, ನಾವು ದೇವರ ಲೆಕ್ಕ ಇಡಲ್ಲ.

…

ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಗ್ಯುಹೊ ಕುರ್ಚಿಯ ಬೆನ್ನಿಗೆ ಒರಗಿದ. ಆಕೆ ಕೇಳಿದ ಪ್ರಶ್ನೆ ಅವನು ನಿರೀಕ್ಷಿಸಿದ್ದೇ: ಹಾಗಾದರೆ ಶನಿವಾರದ ಲಾರಿಯಲ್ಲಿ ಮೊದಲಿನಷ್ಟು ಬಿಲ್ಲೆ ಬರುತ್ತದೆಯೆ? ಲಾರಿ ಖಂಡಿತ ಬರುತ್ತದೆಂದು ಅವನು ಭರವಸೆ ಕೊಟ್ಟ. ಬಿಲ್ಲೆಯ ವಿಷಯ ಬೇರೆ. ಅದು ಈ ವರ್ಷವೂ ಹತ್ತರಲ್ಲೊಂದು ಕಡಿಮೆಯಾಗಿರುತ್ತದೆ.

…

ಹೇಗೆ ಅಂದ್ರೆ? ನೀವೇ ಈಗ ಸಾಕಾಗುತ್ತದೆ ಅಂದ್ರಲ್ಲಮ್ಮ… ಹಾಂ, ನಾನೇ ಹೇಳಿಸಿದ್ದು. ಆದ್ರೆ ಹೇಳಿದ್ದು ನೀವು. ಸಾಕು ಅಂದೋರಿಗೆ ಜಾಸ್ತಿ ಕೊಟ್ರೆ ಪರಿಶೀಲಕ ನನ್ನನ್ನ ಕೇಳಲ್ವಾ? ಒಂದೇ ಅಂಕಿ ಅವನ ಮುಂದೆ ಒಂದು, ನಿಮ್ಮ ಮುಂದೆ ಒಂದು ಆಗೋಕಾಗಲ್ಲ.

…

ವಾಪಸ್ ತಗೊಳ್ಳೋಕೆ ಅದೇನು ಸಾಲ ಕೊಟ್ಟ ಪಾತ್ರೇನಾ?… ಅಳ್ತಿದೀರಾ?… ಖಾರದ ಕೈ ಕಣ್ಣಿಗೆ ತಾಗಿತೇನೋ. ನೋಡ್ಕೊಳ್ಳಿ.

…

ಇಷ್ಟರಲ್ಲೇ ಅವನು ಕರೆ ಮುಗಿಸಬಹುದಿತ್ತು. ಆದರೆ ಗ್ಯುಹೊ ಒಂದು ಸಾಕ್ಷಿಯನ್ನು ನೆಚ್ಚುವವನಲ್ಲ. ಪರಿಶೀಲಕನನ್ನು ಸೋಮವಾರ ಯೊಮ್‌ನ ಮನೆಗೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದ. ಅದಕ್ಕೆ ಮೊದಲು ಮುದುಕನ ಬಾಯಿಂದಲೂ ಅದೇ ಮಾತು ದಾಖಲಾಗಬೇಕು. ಬೆಳಿಗ್ಗೆಯಿಂದ ಮುದುಕನಿಗೆ ಫೋನು ಮಾಡುತ್ತಲೇ ಇದ್ದ, ಎತ್ತಿರಲಿಲ್ಲ.

…

ಇನ್ನೊಂದು ಸಣ್ಣ ಕೆಲಸ. ಯೊಮ್ ತಾತ ಎಲ್ಲಿ?… ಫೋನ್ ತೆಗೀತಿಲ್ಲ. ಕೂಟದ ಮನೇಲಿದಾರಾ?… ನಿನ್ನೇನೂ ಬರ್ಲಿಲ್ವಾ?… ಹುಷಾರಿಲ್ಲ ಅಂತಲ್ಲ ಬಿಡಿ, ಉಳಿಸ್ತಿದಾರೆ. ಹಾಸಿಗೇಲೇ ಇದ್ರೆ ಬಿಲ್ಲೆ ಉಳಿಯತ್ತೆ. ನೀವೆಲ್ಲ ಅವರನ್ನ ನೋಡಿ ಕಲೀಬೇಕು.

…

ಹೋಗಿ, ಫೋನ್ ಅವರ ಕೈಗೆ ಕೊಡಿ… ಈಗಲೇ. ಕೋಸು ಎಲ್ಲೂ ಓಡಿಹೋಗಲ್ಲ… ಮಂಡಿನೋವು ನಂಗೂ ಇದೆ. ನೋಡೀಮ್ಮ, ಅವರೂ ಅದೇ ಮಾತು ಹೇಳಿದ್ರೆ ಆ ಹತ್ತರಲ್ಲೊಂದರ ವಿಷಯ ನಾನು ಮೇಲಿನವರ ಹತ್ರ ಮಾತಾಡಿ ನೋಡ್ತೀನಿ… ಮಾತಾಡ್ತೀನಿ ಅಂದೆ. ಕೊಡಿಸ್ತೀನಿ ಅನ್ಲಿಲ್ಲ… ಹಾಂ, ಫೋನ್ ಇಡಬೇಡಿ, ಹಾಗೇ ಹಿಡ್ಕೊಂಡು ಹೋಗಿ.

…

ಆಕೆ ಹೊರಟಳು. ಬಾಗಿಲ ಸದ್ದು, ನಾಯಿಯೊಂದರ ಬೊಗಳು, ಆಮೇಲೆ ಬರೀ ಏದುಸಿರು. ಸುತ್ಗೋಲಿನ ಮೆಟ್ಟಿಲು ಕಡಿದು. ಆ ಏದುಸಿರು ಕೇಳಿದರೇ ಎಲ್ಲಿ ತಿರುವು, ಎಲ್ಲಿ ಕೈಹಿಡಿ ಇದೆಯೆಂದು ಹೇಳಬಹುದಿತ್ತು. ಗ್ಯುಹೊ ಆ ದಾರಿಯನ್ನು ಬಲ್ಲ. ಲೆಕ್ಕ ಆರಂಭವಾದ ವರ್ಷ ಈಕೆಯ ಬೆನ್ನ ಹಿಂದೆಯೇ ಮನೆಮನೆ ಹತ್ತಿದ್ದ. ಅಂದು ಯೊಮ್ ಒಲೆಯ ಮೇಲೆ ಸುಟ್ಟ ಗೆಣಸನ್ನು ಕಾಗದದಲ್ಲಿ ಸುತ್ತಿ ಇವನ ಕೋಟಿನ ಎರಡೂ ಜೇಬಿಗೆ ತುಂಬಿದ್ದ, ಕೈ ಬೆಚ್ಚಗಿರಲಿ ಎಂದು. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೂ ಕೊಟ್ಟಿದ್ದ: ದಿನಕ್ಕೆ ಮೂರು ಬಿಲ್ಲೆ. ಕೋಷ್ಟಕದಲ್ಲಿ ಅವನ ಹೆಸರಿನ ಮುಂದೆ ಆ ಮೂರರಿಂದ ಆರಂಭವಾದ ಸಾಲು ಒಂದಕ್ಕೆ ಬಂದು ನಿಂತಿತ್ತು. ಇಡೀ ನಗರದಲ್ಲಿ ಇಷ್ಟು ಚೊಕ್ಕವಾಗಿ ಇಳಿದ ಸಾಲು ಬೇರೊಂದಿರಲಿಲ್ಲ. ಗ್ಯುಹೊ ಅದನ್ನು ಪರದೆಯ ಮೇಲೆ ತೆರೆದು, ಕಾಯುತ್ತ, ಇನ್ನೊಮ್ಮೆ ನೋಡಿದ.

…

ಬಂದ್ರಾ?… ತಟ್ಟಿ. ಜೋರಾಗಿ… ಕಿವಿ ಮಂದ ಅಲ್ವಾ ಅವರಿಗೆ, ಇನ್ನೂ ಜೋರಾಗಿ… ಒಳಗಿಂದ ಚಿಲಕಾನಾ?

…

ಬಾಗಿಲ ಹೊರಗೆ ಬೂದಿಬಿಲ್ಲೆ ಇದೆಯಾ, ನೋಡಿ. ಇವತ್ತಿಂದು… ಇಲ್ವಾ? ನಿನ್ನೇದು?… ಮೊನ್ನೇದು ಮಾತ್ರಾನಾ? ನೆನೆದುಹೋಗಿದೆಯಾ… ಅಂದ್ರೆ ನೋಡಿ, ಒಂದು ಬಿಲ್ಲೇನ ಎರಡು ದಿನ ಎಳೆದಿದಾರೆ. ದಿನಕ್ಕೊಂದೂ ಅಲ್ಲ, ಅರ್ಧ. ಪೋಸ್ಟರಿನ ಮಾತು ಬದಲಾಯಿಸ್ಬೇಕಾಗತ್ತೆ.

…

ಅವನು ನಿಜವಾಗಿ ಪೆನ್ನು ತೆಗೆದುಕೊಂಡ. ಅತ್ತ ಬಾಗಿಲಿಗೆ ಏನೋ ಗುದ್ದಿದ ಸದ್ದು. ಮತ್ತೊಮ್ಮೆ. ಹಳೆಯ ಮರದ ಚಿಲಕ ಕಿತ್ತುಬಂದು, ಬಾಗಿಲು ಗೋಡೆಗೆ ಬಡಿಯಿತು.

…

ಏನು?… ಏನು ವಾಸನೆ?… ಮಲಗಿದಾರಾ? ಎಬ್ಬಿಸಿ… ಅಲುಗಾಡ್ಸಿ ನೋಡಿ… ಮುಖ ಕೆಂಪಗಿದೆಯಾ? ಕೆಂಪಗಿದ್ರೆ ಒಳ್ಳೇದೇ ಅಲ್ವಾ, ಬೆಚ್ಚಗಿದಾರೆ ಅಂತ ತಾನೇ…

…

ಮಾತು ಬಾಯಲ್ಲಿರುವಾಗಲೇ ಅದರ ಅರ್ಥ ಅವನಿಗೆ ಆಯಿತು. ಬಿಲ್ಲೆ ಉರಿಸುವ ನಾಡಿನಲ್ಲಿ ಹುಟ್ಟಿದ ಯಾರಿಗೂ ಅದು ಆಗದಿರುವುದಿಲ್ಲ. ಗಾಳಿ ಸಾಲದೆ ಕನಲಿದ ಬಿಲ್ಲೆಯಿಂದ ಕಣ್ಣಿಗೆ ಕಾಣದ ವಿಷಗಾಳಿ ಹೊರಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಕೋಣೆಯಲ್ಲೇ ನಿಲ್ಲುತ್ತದೆ. ನಿದ್ದೆ ಹೋದವರ ಕೆನ್ನೆಗೆ ಮದುಮಗಳ ಬಣ್ಣ ಬರುತ್ತದೆ. ಒಲೆಯ ಗಾಳಿತೂತು ಮುಚ್ಚಿಸಿದ್ದು ಕೋಷ್ಟಕ. ಬಾಗಿಲ ಮೇಲಿನ ಕಿಂಡಿ ಮುಚ್ಚಿದ್ದು ಇವನ ಕೈ. ಎರಡನ್ನೂ ಕೂಡಿಸಿದರೆ ಬರುವ ಮೊತ್ತ ಒಂದೇ.

ಗ್ಯುಹೊ ಮೊದಲು ಮಾಡಿದ ಕೆಲಸವೆಂದರೆ ಮೊಬೈಲನ್ನು ಕಿವಿಯಿಂದ ತೆಗೆದು ಕೆಂಪು ಚುಕ್ಕೆಯನ್ನು ಆರಿಸಿದ್ದು.

…

ಹಾಂ… ಹಾಂ, ಕೇಳಿಸ್ತಿದೆ. ಉಸಿರಿದೆಯಾ?… ಮೂಗಿನ ಹತ್ರ ಕೈ ಹಿಡಿದು ನೋಡಿ… ಇದೆ. ಇದೆ ತಾನೇ? ಸರಿ. ಹಾಗಿದ್ರೆ ಗಾಬರಿ ಬೇಡ. ತಡೀರಿ, ಫೋನ್ ಇಡಬೇಡಿ. ಆಂಬುಲೆನ್ಸಿಗೆ, ನೂರ ಹತ್ತೊಂಬತ್ತಕ್ಕೆ, ಆಮೇಲೆ ಮಾಡಬಹುದು.

…

ನಾನು ಹೇಳೋದು ಕೇಳಿ ಮೊದಲು. ಆ ಮೂಲಂಗಿ ಕಿಮ್ಚಿ ನೀರು ಹುಳಿ ಬಂದಿದೆ ಅಂದ್ರಲ್ಲ. ತಂದು ಕುಡಿಸಿ… ನಮ್ಮಜ್ಜಿ ಕಾಲದಲ್ಲಿ ಬಿಲ್ಲೆ ಗಾಳಿ ಹೊಡೆದ್ರೆ ಎಲ್ರೂ ಅದನ್ನೇ ಕುಡಿಸ್ತಿದ್ರು, ಎದ್ದು ಕೂರ್ತಿದ್ರು. ನೀವೂ ಕುಡಿಸಿರ್ತೀರಿ ಎಷ್ಟೋ ಜನಕ್ಕೆ, ಇಲ್ವಾ?… ಸತ್ರಾ? ಯಾರು ಸತ್ರು?… ಅದು ಆ ಕಾಲ.

…

ಇಬ್ಬರಿಗೂ ಗೊತ್ತಿತ್ತು, ಆ ನೀರು ಹಳೆಯ ಕಾಲದ ನಂಬಿಕೆ. ನುಂಗಲಾಗದವನ ಬಾಯಿಗೆ ಸುರಿದರೆ ಉಸಿರುನಾಳಕ್ಕೇ ಇಳಿಯುತ್ತದೆ. ಆಂಬುಲೆನ್ಸ್ ಬಂದರೆ ಬಂದವರು ಕಾರಣ ಬರೆಯುತ್ತಾರೆ ಎಂಬುದು ಮಾತ್ರ ಗ್ಯುಹೊನಿಗೆ ಹೆಚ್ಚಾಗಿ ಗೊತ್ತಿತ್ತು. ಸೋಮವಾರದ ಪರಿಶೀಲಕ ಓದುವುದನ್ನು ಬಲ್ಲವನು.

…

ಕೂಗಾಡಬೇಡಿ. ಫೋನ್ ಬಿಡು ಅಂದ್ರೆ? ನಾನೇನು ಹಿಡ್ಕೊಂಡಿದೀನಾ ನಿಮ್ಮನ್ನ?… ಒಂದೇ ಪ್ರಶ್ನೆ. ಬಾಗಿಲ ಮೇಲಿನ ಕಿಂಡಿ ನೋಡಿ. ಅದಕ್ಕೆ ಹಾಳೆ ಇನ್ನೂ ಇದೆಯಾ?… ಕೊಕ್ಕರೆ ಮುದ್ರೆದೇನಾ?

…

ನಾನೇ ಅಂಟಿಸಿದ್ದು, ಹೌದು. ನೀವು? ಸ್ಟೂಲ್ ಹಿಡಿದೋರು ಯಾರು, ತಾಕ್ ಅವರೇ? ಫೋಟೋ ಇದೆ. ನನ್ನ ಕಣ್ಣೆದುರಿಗೇ ಇದೆ. ನಗ್ತಾ ಇದೀರಿ ಅದ್ರಲ್ಲಿ. ಬಿಲ್ಲೆ ಸಾಕು, ಹಾಳೆಯಿಂದ ಬೆಚ್ಚಗಿದೀವಿ ಅಂತ ನಿಮ್ಮ ಬಾಯಲ್ಲೇ ಇದೆ, ಅರ್ಧ ಗಂಟೇನೂ ಆಗಿಲ್ಲ. ನಾಳೆ ಕೇಳಿದ್ರೆ ಯಾರನ್ನ ಮೊದಲು ಕೇಳ್ತಾರೆ?

…

ಅತ್ತಲಿಂದ ಮುದುಕನ ಉಸಿರೋ ಆಕೆಯ ಉಸಿರೋ ತಿಳಿಯದ ಒಂದು ಗೊರಗೊರ ಸದ್ದು ಬಂತು. ಆಮೇಲೆ, ಬಹಳ ಹತ್ತಿರದಲ್ಲಿ, ಒಣಗಿದ ಅಂಟಿನ ಪಟ್ಟಿ ಗೋಡೆಯಿಂದ ಏಳುವ ಸದ್ದು. ಗುಳ್ಳೆಗಳು ಒಂದರ ಹಿಂದೊಂದು ಒಡೆದವು.

…

ಕೀಳ್ತಿದೀರಾ?… ಹಾಂ, ಒಳ್ಳೇದು. ಪೂರ್ತಿ ಕಿತ್ಹಾಕಿ, ಮೂಲೇಲಿ ಒಂದು ಚೂರೂ ಉಳೀಬಾರ್ದು. ಮಡಚಿ ಕೋಟಿನೊಳಗೆ ಇಟ್ಕೊಳ್ಳಿ. ಆಮೇಲೆ ಬೇಕಾದ್ರೆ ನೂರ ಹತ್ತೊಂಬತ್ತಕ್ಕೆ ಮಾಡಿ, ನಾನು ಬೇಡ ಅಂದ್ನಾ?… ಹಲೋ?… ತಾಕ್ ಅವರೇ, ಏನದು, ಎಲ್ಲಿಗೆ ಎಳೀತಿದೀರಿ ಅವರನ್ನ? ಅಂಗಳಕ್ಕಾ?… ಓಣಿ ಜನ ನೋಡ್ತಾರೆ. ಒಳಗೇ ಇರ್ಲಿ… ಅಮ್ಮಾ, ಶನಿವಾರ ಲಾರಿ ಬರ್ಬೇಕೋ ಬೇಡ್ವೋ?… ಅಮ್ಮಾ… ಹಾಳೆ ಎಲ್ಲಿಟ್ರಿ? ಅದನ್ನ ಮೊದಲು ಹೇ…

…

ಕರೆ ಕಡಿಯಿತು.

ಅವನು ಮತ್ತೆ ಒತ್ತಿದ. ಆ ಸಂಖ್ಯೆ ಬೇರೆ ಕರೆಯಲ್ಲಿತ್ತು. ಪರದೆಯ ಮೇಲೆ ಯೊಮ್‌ನ ಸಾಲು ಮೂರರಿಂದ ಒಂದರವರೆಗೆ ಇಳಿದು ನಿಂತಿತ್ತು. ಮೊಣಕೈಯ ಪಕ್ಕದಲ್ಲಿ ಮೇಜಿನ ಫೋನು. ಅದರಿಂದಲೂ ನೂರ ಹತ್ತೊಂಬತ್ತಕ್ಕೆ ಕರೆ ಹೋಗುತ್ತಿತ್ತು. ರಿಸೀವರು ಅವನು ಮಲಗಿಸಿದ ಹಾಗೆಯೇ ಮಲಗಿತ್ತು.